ಹೊಳೆ ಏರಿದ ದಿನ ಹೆಸರು ಹಿಡಿದು ಕೂಗಿದ ಗೋಣೆಪ್ಪ

ಹೊನ್ನಾಳಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗೋಣೆಪ್ಪನವರ ಆಟೊ ಓಣಿಯಲ್ಲಿ ನಿಧಾನಕ್ಕೆ ಸಾಗುತ್ತಿದೆ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದರಲ್ಲಿ ಮೈಕು. "ದನ ಮೇಯಾಕೆ ಬಿಡಬ್ಯಾಡ್ರಪ್ಪೋ, ಸೂಜಿ ಹಾಕಾಕೆ ಡಾಕ್ಟ್ರು ಬರ್ತಾರೆ. ಹಾಲು ಕರಕೊಂಡು ಹಂಗೇ ಕಟ್ಟಿರ್ರಿ!" ಹಸು ಬಿಚ್ಚಲು ಹೊರಟಿದ್ದ ಹೆಂಗಸೊಬ್ಬರು ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತುತ್ತಾರೆ.

ನಲ್ಲಿ ನೀರು, ಸಾವು, ಸಂತೆ, ಲಸಿಕೆ: ಹೊನ್ನಾಳಿ, ನ್ಯಾಮತಿ ಸುತ್ತಿನ ಜನರ ಕಿವಿಗೆ ಇವೆಲ್ಲ ಬೀಳುವುದು ಇವರ ದನಿಯಲ್ಲೇ. ಮೊದಲು ಹಮಾಲಿ ಮಾಡುತ್ತಿದ್ದರು. ಬೆನ್ನು ಕೈಕೊಟ್ಟ ಮೇಲೆ ಮೈಕು ಹಿಡಿದರು.

ಮಾತು ನಾಟುವುದು ಪದಗಳ ಅರ್ಥದಿಂದಷ್ಟೇ ಅಲ್ಲ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದರಿಂದಲೂ ಎನ್ನುತ್ತಾರೆ ಭಾಷಾಶಾಸ್ತ್ರ ಬಲ್ಲವರು. ಗೋಣೆಪ್ಪ ಅದನ್ನು ಕಂಡುಕೊಂಡಿದ್ದು ಹೊಳೆದಂಡೆಯಲ್ಲಿ.

ಒಂದು ಮಳೆಗಾಲ ತುಂಗಭದ್ರೆ ಏರುತ್ತಿತ್ತು. "ತಗ್ಗು ಪ್ರದೇಶದ ನಿವಾಸಿಗಳು ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು" ಎಂದು ಕೂಗಲು ಅಧಿಕಾರಿಗಳು ಇವರಿಗೆ ಹೇಳಿದ್ದರು. ಕೂಗಿದರು. ಒಬ್ಬರೂ ಕದಲಲಿಲ್ಲ. "ನಿವಾಸಿಗಳು ಅಂದ್ರೆ ಪಕ್ಕದ ಮನೆಯೋರು ಅಂತ ಎಲ್ರೂ ಅನ್ಕಂಡಿದ್ರು ರೀ," ಎಂದು ನಗುತ್ತಾರೆ.

ಮೈಕು ಆರಿಸಿ, ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಡತಿ ತಿಪ್ಪಮ್ಮನಿಗೆ ಫೋನ್ ಮಾಡಿದರು: "ಶಾಲ್ಯಾಗೆ ಅನ್ನಕ್ಕಿಡು." ಒಲೆ ಹತ್ತಿತು ಎಂದು ಆಕೆ ಹೇಳಿದ ಮೇಲೆಯೇ ಮತ್ತೆ ದನಿಯೆತ್ತಿದರು, ಈ ಸಲ ಹೊಳೆದಂಡೆಯ ಮನೆಯವರ ಹೆಸರು ಹಿಡಿದು. "ಗಾದ್ರಮ್ಮಾರೇ, ನೀರು ನಿಮ್ಮ ಕಟ್ಟೆ ಮುಟ್ಟೈತೆ. ಶಾಲ್ಯಾಗೆ ಅನ್ನ ಬೇಯಾಕತ್ತೈತೆ. ಮೊದ್ಲು ಎಮ್ಮೆ ಹೊಡಕಂಡು ಬರ್ತೀರೋ, ಮೊಮ್ಮಕ್ಕಳನ್ನ ಆಟೊದಾಗೆ ಕೂರಿಸ್ತೀರೋ?"

ಬರುತ್ತೀರಾ ಎಂದು ಕೇಳಲೇ ಇಲ್ಲ. ಹೇಗೆ ಬರುತ್ತೀರಿ ಎಂದಷ್ಟೇ ಕೇಳಿದರು. ಗಾದ್ರಮ್ಮ ಎಮ್ಮೆ ಬಿಚ್ಚಿದರು. ಅವರನ್ನು ನೋಡಿ ಓಣಿಗೆ ಓಣಿಯೇ ಎದ್ದಿತು. ಸಂಜೆ ಗಾದ್ರಮ್ಮನ ಮನೆಯ ಗೋಡೆ ಕುಸಿದಾಗ ಒಳಗೆ ಯಾರೂ ಇರಲಿಲ್ಲ. "ಹೊರಡ್ರಿ ಅಂದಿದ್ರೆ ಜಗಳಕ್ಕೇ ನಿಲ್ತಿದ್ದೆ," ಎನ್ನುತ್ತಾರೆ ಆಕೆ. "ಎಮ್ಮೆ ಬಿಟ್ಟು ಹೆಂಗ್ ಬರ್ಲಿ? ಅದನ್ನೂ ಕರದ್ನಲ್ಲ, ಪುಣ್ಯಾತ್ಮ!"

ಮೊನ್ನೆ ಬಟ್ಟೆ ಅಂಗಡಿಯವರೊಬ್ಬರು "ಇವತ್ತೇ ಕಡೇ ದಿನ" ಎಂದು ವಾರವಿಡೀ ಕೂಗಲು ಕೇಳಿದರು. ಗೋಣೆಪ್ಪ ಒಪ್ಪಲಿಲ್ಲ. ಆ ಕೆಲಸ ಬೇರೆಯವರ ಪಾಲಾಯಿತು. ಬೇಸರವಾಗಲಿಲ್ಲವೇ?

"ಆಗದೇ ಇರ್ತದಾ ರೀ?" ಎನ್ನುತ್ತಾ ಮೈಕಿನ ಧೂಳು ಒರೆಸುತ್ತಾರೆ. "ಆದ್ರೆ ಒಂದ್ಸಲ ಸುಳ್ಳು ಕೂಗಿದ್ರೆ, ನಾಳೆ ಹೊಳೆ ಬಂತು ಅಂದ್ರೆ ಯಾರು ಏಳ್ತಾರೆ?"