ಬೆಲ್ಲ ತಿಂದ ಮಾತು

ನಮ್ಮ ತಾಂಡಾ ಯಾವ ತಾಲ್ಲೂಕಿನದು ಎಂದು ಕೇಳಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಹೋದರೂ ಊರಿನಾಚೆ ಒಂದು ಲಂಬಾಣಿ ತಾಂಡಾ ಇದ್ದೇ ಇರುತ್ತದೆ, ಎಲ್ಲದರ ಗೋಳೂ ಒಂದೇ. ಸರಕಾರದ ಕಣ್ಣಿಗೆ ನಮ್ಮದು ಊರೇ ಅಲ್ಲ, ಪಕ್ಕದ ಊರಿನ ಬಾಲ. ಪಂಚಾಯಿತಿ ಆ ಊರಿನಲ್ಲಿ. ನಮ್ಮ ನಲ್ಲಿಗೆ ನೀರು ಬಿಡುವ ವಾಲ್ವ್ ಕೂಡ ಅಲ್ಲೇ. ಅಲ್ಲಿ ಯಾರದಾದರೂ ಮದುವೆಯಿದ್ದರೆ ನಮ್ಮ ಕೊಡಗಳು ಖಾಲಿ. ಗ್ರಾಮಸಭೆ ನಡೆಯುವುದು ಅವರ ಗುಡಿಯ ಮುಂದೆ. ನಮ್ಮವರು ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಕೈ ಎತ್ತಿರಿ ಅಂದಾಗ ಎತ್ತಿ, ಇಳಿಸಿರಿ ಅಂದಾಗ ಇಳಿಸಿ ಮನೆಗೆ ಬರಬೇಕು.

ಹಾಗಂತ ಆಡಳಿತ ನಮಗೇನು ಹೊಸದಲ್ಲ. ತಾಂಡಾಕ್ಕೊಬ್ಬ ನಾಯಕ ಇರುತ್ತಾನೆ, ಬೇವಿನ ಮರದ ಕೆಳಗೆ ಹಿರಿಯರು ಕೂಡುತ್ತಾರೆ, ಎಲ್ಲರೂ ಹೂಂ ಅನ್ನುವ ತನಕ ಮಾತು ನಡೆಯುತ್ತದೆ. ನಮ್ಮ ನಾಯಕ ನನ್ನ ಅಪ್ಪ. ತಾಂಡಾ ತನ್ನದೇ ಪಂಚಾಯಿತಿ ಇರುವ ಊರಾಗಬೇಕು, ಆ ಮರದ ಕೆಳಗೆ ಆಡಿದ ಮಾತು ಸರಕಾರಕ್ಕೂ ಮಾತು ಅನಿಸಬೇಕು, ಇಷ್ಟೇ ಅವನಿಗಿದ್ದ ಆಸೆ. ಅದು ಬಿಟ್ಟು ಜೀವನದಲ್ಲಿ ಅವನು ಏನನ್ನಾದರೂ ಬೇಡಿದ್ದು ನಾನು ನೋಡಿಲ್ಲ.

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಒಂದು ದೀಪಾವಳಿಯ ಮುಂಚೆ ಇಡೀ ತಾಂಡಾ ಹೋಗಿ ತಾಲ್ಲೂಕು ಕಚೇರಿಯ ಮುಂದೆ ಕುಳಿತಿತು. ಕಲ್ಲು ಎತ್ತುವಂತಿಲ್ಲ, ಗೇಟು ಮುಟ್ಟುವಂತಿಲ್ಲ, ಬೈಯುವಂತಿಲ್ಲ ಎಂದು ಅಪ್ಪ ಕಟ್ಟು ಮಾಡಿದ್ದ. ಹೆಂಗಸರು ರೊಟ್ಟಿ ಬಡಿದರು, ಮುದುಕರು ಬೀಡಿ ಸೇದಿದರು, ಕೂಸುಗಳಿಗೆ ಅಲ್ಲೇ ಸೀರೆಯ ಜೋಳಿಗೆ ತೊಟ್ಟಿಲು ಕಟ್ಟಿದರು. ನಾನು ಮದುವೆಯಾಗಿ ಸಿಂದಗಿ ಸೇರಿದವಳು, ಅಲ್ಲಿ ಸಾಲಿ ಮಾಸ್ತರಿಕಿ. ರಜೆ ಇದ್ದುದರಿಂದ ನಾನೂ ಹೋಗಿ ಕುಳಿತೆ. ಕಚೇರಿಗೆ ಬರುವವರು ನಮ್ಮನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು.

ಕಡೆಗೊಂದು ಮಧ್ಯಾಹ್ನ ತಹಶೀಲ್ದಾರ ಸಾಹೇಬರೇ ಹೊರಗೆ ಬಂದರು. ಒಳ್ಳೆಯ ನಗುಮುಖದ ಮನುಷ್ಯ, ನೆಲದ ಮೇಲೇ ಕುಳಿತರು. "ನಿಮ್ಮ ತಾಂಡಾ ಊರು ಆಗೇ ಆಗ್ತದ. ನಾ ನಿಂತು ಮಾಡಿಸ್ತೇನಿ. ಎದ್ದೇಳ್ರಿ ಇನ್ನ" ಎಂದರು.

ಅಪ್ಪ ಅಂಗಡಿಯಿಂದ ಒಂದು ಬೆಲ್ಲದ ಅಚ್ಚು ತರಿಸಿದ.

ನಮ್ಮಲ್ಲಿ ಹೆಣ್ಣು ಗೊತ್ತು ಮಾಡುವಾಗ ಎರಡೂ ಕಡೆಯವರು ಹಿರಿಯರ ಮುಂದೆ ಬೆಲ್ಲ ತಿನ್ನುತ್ತಾರೆ. ತಿಂದ ಮೇಲೆ ಮಾತು ತಿರುಗುವಂತಿಲ್ಲ, ಅದನ್ನೇ ಕೇಳಲು ಮತ್ತೆ ಹೋಗಿ ಕೂಡುವಂತೆಯೂ ಇಲ್ಲ. ನನ್ನ ಮದುವೆಯೂ ಹಾಗೆಯೇ ಗಟ್ಟಿಯಾದದ್ದು. ಅಪ್ಪ ಅಚ್ಚು ಒಡೆದು ಮೊದಲ ಚೂರನ್ನು ಸಾಹೇಬರ ಕೈಗೆ ಇಟ್ಟ. ಅವರು ಬಾಯಿಗೆ ಹಾಕಿಕೊಂಡರು.

"ಭಾಳ ಚೊಲೋ ಐತಲ್ರಿ ನಾಯಕ್ರ, ಯಾ ಕಡೀದು ಇದು?" ಎಂದರು.

ಆಮೇಲೆ ಅಪ್ಪ ತಿಂದ, ತಾಂಡಾದ ಎಲ್ಲರೂ ತಿಂದರು. ಜೋಳಿಗೆಯಲ್ಲಿದ್ದ ಕೂಸುಗಳ ನಾಲಿಗೆಗೂ ಹಚ್ಚಿದರು. ನನಗೆ ಮಾತ್ರ ಕೊಡಲಿಲ್ಲ. ಕೊಟ್ಟ ಹೆಣ್ಣು ಗಂಡನ ತಾಂಡಾದವಳು, ಈ ಮಾತಿನೊಳಗೆ ಅವಳಿಲ್ಲ. ನಾನು ಅಪ್ಪನ ಪಕ್ಕಕ್ಕೆ ಹೋಗಿ, "ಬಾಪು, ಬರದು ಕೊಡ್ರಿ ಅಂತ ಕೇಳು" ಎಂದೆ. ಮನೆಯಲ್ಲಿ ನಮ್ಮದು ಲಂಬಾಣಿ ಮಾತು, ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ.

"ಬೆಲ್ಲ ತಿಂದವನ ಕಡಿಂದ ಬರಸ್ಕೊಂಡ್ರ ಅವನ ಮಾರಿ ಮ್ಯಾಲೆ ಉಗುಳಿದಂಗ" ಎಂದ.

ಇನ್ನೊಮ್ಮೆ ಹೇಳಿದೆ. "ಬಾಯಿ ಮುಚ್ಚು" ಎಂದ. ತಾಂಡಾದವರು ಚಪ್ಪರ ಬಿಚ್ಚಿ, ಕಸ ಗುಡಿಸಿ, ಕಚೇರಿಯ ಅಂಗಳವನ್ನು ಮೊದಲಿಗಿಂತ ಚೊಕ್ಕ ಮಾಡಿ ಹೊರಟರು.

ದೀಪಾವಳಿ ಮುಗಿದ ಮೇಲೆ ತಾಂಡಾ ಎಂದಿನಂತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಯಿತು. ಹೋಳಿ ಹಬ್ಬಕ್ಕೆ ತಿರುಗಿ ಬಂದು ನೋಡಿದರೆ ಸಾಹೇಬರಿಗೆ ವರ್ಗವಾಗಿತ್ತು. ತಾಂಡಾ ಪಕ್ಕದ ಊರಿಗೆ ಸೇರಿಯೇ ಇರತಕ್ಕದ್ದು ಎಂಬ ಆದೇಶ ಪಂಚಾಯಿತಿಯ ಗೋಡೆಯ ಮೇಲಿತ್ತು. ಅಪ್ಪ ನಂಬಲಿಲ್ಲ. ಹಳೆಯ ಸಾಹೇಬರ ನಂಬರು ಹುಡುಕಿ ನಾನೇ ಫೋನು ಹಚ್ಚಿಕೊಟ್ಟೆ.

"ಬೆಲ್ಲ ತಿಂದಿದ್ರಲ್ರಿ ಸಾಹೇಬ್ರ" ಎಂದ ಅಪ್ಪ.

ಅವರಿಗೆ ಬೆಲ್ಲ ನೆನಪಾಗಲಿಲ್ಲ. ತಾಂಡಾ ನೆನಪಾಯಿತು. "ಆಗಲಿಲ್ಲೇನು? ಛೇ. ಹೊಸ ಸಾಹೇಬ್ರನ್ನ ಕಾಣ್ರಿ" ಎಂದರು, ಬಹಳ ಮರ್ಯಾದೆಯಿಂದಲೇ. ಅವರು ಫೋನು ಕಟ್ ಮಾಡಿದ ಮೇಲೂ ಅಪ್ಪ ನನ್ನ ಫೋನನ್ನು ಕಿವಿಗೆ ಹಿಡಿದುಕೊಂಡೇ ಕುಳಿತಿದ್ದ. ಅವನನ್ನು ಹಾಗೆ ನೋಡಲಾರದೆ ನಾನು ಎದ್ದು ಹೊರಗೆ ಹೋದೆ.

ಮರದ ಕೆಳಗೆ ಮತ್ತೆ ಎಲ್ಲರೂ ಕೂಡಿದರು. ಕಚೇರಿಯ ಮುಂದೆ ಮತ್ತೆ ಹೋಗಿ ಕೂಡೋಣ ಎಂದರು ಪ್ರಾಯದವರು. ಆಗುವುದಿಲ್ಲ ಎಂದ ಅಪ್ಪ. "ಅಂವ ಮರತ್ರ ಪಾಪ ಅವಂದು. ನಾ ತಿಂದು ಮತ್ತ ಕುಂತ್ರ ಪಾಪ ನಂದು. ಇವತ್ತ ನಾವು ಬೆಲ್ಲ ಮುರದ್ರ, ನಾಳೆ ಯಾರ ಮಗಳ ಮಾತು ನಿಂತೀತು?"

ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು. ಸಿಟ್ಟಿಗೆ ಬಂದ ಒಬ್ಬ, "ಹಂಗಾದ್ರ ಬೆಲ್ಲ ತಿನ್ನದವರು ಹೋಗಿ ಕೂಡಲಿ" ಎಂದ. ಅಪ್ಪ ಗಂಭೀರವಾಗಿಯೇ ತಗೊಂಡ. "ತಿನ್ನದವರು ಯಾರರ ಅದೀರೇನು?" ಎಂದು ಕೇಳಿದ. ನಾನೂ ತಿಂದಿರಲಿಲ್ಲ, ಆದರೆ ಕೊಟ್ಟ ಹೆಣ್ಣು ಆ ಲೆಕ್ಕಕ್ಕಿಲ್ಲ.

ಹೆಂಗಸರ ಗುಂಪಿನಿಂದ ನನ್ನ ತಾಯಿ ಎದ್ದಳು. "ನಾ ತಿಂದಿಲ್ಲ. ನನಗ ಶುಗರ್ ಐತಿ. ಬಾಯಿಗೆ ಇಟ್ಟಂಗ ಮಾಡಿ ಸೆರಗಿಗೆ ಕಟ್ಟಕೊಂಡೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಯಾಡಿ, ಅಂದರೆ ಅವ್ವ, ಆ ಮರದ ಕೆಳಗೆ ಬಾಯಿ ತೆರೆದದ್ದು ಅದೇ ಮೊದಲು. ಹಿರಿಯರು ತುಂಬಾ ಹೊತ್ತು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿದರು. ಕಡೆಗೆ, ಅವಳು ಹೋಗಬಹುದು ಎಂದರು.

ಒಂದು ಸೋಮವಾರ ಬೆಳಿಗ್ಗೆ ನಾನು ಅವಳನ್ನು ಕರೆದುಕೊಂಡು ಹೋದೆ. ಮದುವೆಗೆ ಹೊರಟವಳ ಹಾಗೆ ಕನ್ನಡಿ ಕೂರಿಸಿದ ಲಂಗ, ಕೈತುಂಬ ಬಳೆ. ಕಚೇರಿಯ ಮೆಟ್ಟಿಲ ಮುಂದೆ ಕುಳಿತಳು. ಪಿಂಚಣಿಗೆ ಬಂದವಳು ಅಂದುಕೊಂಡು ಜವಾನ, "ಆಯಿ, ಆಕಡೆ ಖೋಲಿಗಿ ಹೋಗು" ಎಂದ. ಅವಳು ಕದಲಲಿಲ್ಲ. ಬಿಸಿಲೇರಿತು. ಮಾತ್ರೆ ತಗೋ, ಏನಾದರೂ ತಿನ್ನು ಎಂದರೆ ನನ್ನನ್ನೇ ಗದರಿಸಿದಳು.

ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ ತಾಂಡಾದವರೂ ಬಂದಿದ್ದರು. ರಸ್ತೆಯ ಆಚೆ, ಗೊಬ್ಬರದ ಅಂಗಡಿಯ ಸಾಲಿನಲ್ಲಿ ಎಲ್ಲರೂ ನಿಂತಿದ್ದರು. ಮುಂದೆ ಅಪ್ಪ, ತಲೆಗೆ ಕೆಂಪು ರುಮಾಲು.

ಊಟದ ಹೊತ್ತಿಗೆ ಹೊಸ ಸಾಹೇಬರು ಹೊರಗೆ ಬಂದರು. ಜೀಪಿನ ಕಡೆ ಹೊರಟವರು ನಿಂತು, "ಏನವ್ವಾ ನಿಂದು?" ಎಂದರು.

"ನಮ್ಮ ತಾಂಡಾ ನಮಗ ಕೊಡ್ರಿ" ಎಂದಳು.

"ಎಷ್ಟು ಮಂದಿ ಬಂದೀರಿ?"

"ನಾ ಒಬ್ಬಾಕೀನ ರಿ."

"ಒಬ್ಬರು ಕೇಳಿದ್ರ ಊರು ಆಗೂದಿಲ್ಲವ್ವ" ಎಂದವರು, ರಸ್ತೆಯಾಚೆ ನೋಡಿದರು. "ಅವರು ಯಾರು? ನಿಮ್ಮ ಮಂದೀನ ಏನು? ಕರಿ ಮತ್ತ. ಎಲ್ಲಾರೂ ಬಂದು ಕೇಳ್ರಿ, ಇಲ್ಲೇ ನಿಂತೇನಿ."

ಆ ಮನುಷ್ಯ ನಿಜವಾಗಿ ನಿಂತರು. ನನಗೆ ಆಸೆ ಬಂತು, ಸುಳ್ಳು ಹೇಳುವುದಿಲ್ಲ. ನಾನು ಸಿಂದಗಿಯಲ್ಲಿ ಟೀಚರ್ ಎಂದು ಹೇಳಿಕೊಂಡು, ಬೆಲ್ಲದ ಕಥೆಯನ್ನು ಗಡಿಬಿಡಿಯಲ್ಲಿ ಹೇಳಿದೆ. "ಹಿಂದಿನವರು ಏನು ತಿಂದ್ರೋ ನನಗೇನು ಗೊತ್ರಿ ಟೀಚರ್" ಎಂದರು.

ನಾನು ರಸ್ತೆಯ ಅಂಚಿಗೆ ಓಡಿ ಅಪ್ಪನಿಗೆ ಕೈ ಬೀಸಿದೆ. "ಸಾಹೇಬ್ರು ಕರೀಲಾಕತ್ತಾರ, ಬಾ" ಎಂದೆ. ಅಪ್ಪನಿಗೆ ಕೇಳಿಸಿತು. ಅವನ ಕಣ್ಣಿನಿಂದ ನೀರು ಇಳಿಯುತ್ತಿದ್ದುದು ಈಚೆಗೂ ಕಾಣುತ್ತಿತ್ತು. ಹಿಂದೆ ನಿಂತ ಪ್ರಾಯದವರು ಅವನ ಬೆನ್ನನ್ನೇ ನೋಡುತ್ತಿದ್ದರು. ಒಂದು ಟಂಟಂ ಆಟೋ ಹೋಯಿತು, ಕಬ್ಬಿನ ಟ್ರ್ಯಾಕ್ಟರ್ ಹೋಯಿತು, ರಸ್ತೆ ಪೂರಾ ಖಾಲಿಯಾಯಿತು.

ಯಾರೂ ದಾಟಲಿಲ್ಲ. ಸಾಹೇಬರು ವಾಚು ನೋಡಿಕೊಂಡು ಜೀಪು ಹತ್ತಿದರು.