ದ್ಯಾವಮ್ಮನ ಬಾವಿಯ ಭವಿಷ್ಯ

ಚಿನಕುರಳಿಯ ಆಚೆ, ಕಲ್ಲುಕ್ವಾರಿಯ ಮಗ್ಗುಲಲ್ಲೇ ದ್ಯಾವಮ್ಮನ ಮನೆ. ಗಂಡ ತೀರಿಕೊಂಡ ಮೇಲೆ ಎರಡು ಸೀಮೆಹಸು ಕಟ್ಟಿಕೊಂಡು, ಹಿತ್ತಲ ಬಾವಿಯನ್ನೇ ನಂಬಿ ಬದುಕಿದಾಕೆ. ಬಂಡೆ ಸಿಡಿಸಲು ತೊಡಗಿದಂದಿನಿಂದ ಆ ನೀರು ಸುಣ್ಣ ಕದಡಿದಂತಾಗಿ, ಬೇಳೆ ಮಧ್ಯಾಹ್ನದವರೆಗೆ ಕುದಿದರೂ ಬೇಯುತ್ತಿರಲಿಲ್ಲ. ಹಸುಗಳು ಹೇಗೋ ಕುಡಿಯುತ್ತಿದ್ದವು. ಮನೆಗೆ ಬಂದವರಿಗೆ ಮಾತ್ರ ಆಕೆ ಅದನ್ನು ಒಂದು ದಿನವೂ ಕೊಟ್ಟವಳಲ್ಲ. ಅವರಿಗೆಂದೇ ನೆರೆಯ ಮರಿಸ್ವಾಮಿಯ ತೋಟದ ಬಾವಿಯಿಂದ ಒಂದು ಬಿಂದಿಗೆ ಸಿಹಿನೀರು ತಂದು ಮುಚ್ಚಿಡುತ್ತಿದ್ದಳು.

೧೯೯೪ರ ಬೇಸಿಗೆಯಲ್ಲಿ ಜೀಪಿನಲ್ಲಿ ಒಬ್ಬ ತಜ್ಞರು ಬಂದರು. ಕ್ವಾರಿಯನ್ನು ಇನ್ನಷ್ಟು ಅಗೆದು, ಕೊನೆಗೆ ಆ ಹಳ್ಳವನ್ನು ಕಲ್ಲುಪುಡಿ, ಮಣ್ಣಿನಿಂದ ಮುಚ್ಚಿದರೆ ಸುತ್ತಲ ನೀರು ಏನಾದೀತೆಂದು ಮೊದಲೇ ಹೇಳಬಲ್ಲ ಮಹಾನುಭಾವರು. ಹತ್ತು ವರ್ಷ ಮುಂದಿನದನ್ನು ಕಾಣುವ ಅವರ ಕಣ್ಣಿಗೆ ಮನೆಯ ಹಿಂದೆ ಮೂವತ್ತು ಹೆಜ್ಜೆಯಲ್ಲಿದ್ದ ಬಾವಿ ಕಾಣಲಿಲ್ಲ, ಬಿಸಿಲು ಜೋರಿತ್ತು. ಜಗಲಿಯಲ್ಲಿ ಕುಳಿತೇ ಸೀಸೆ ಚಾಚಿ, ಬಾವಿಯ ನೀರು ತುಂಬಿಸಿ ಕೊಡಿ ಎಂದರು. ದೊಡ್ಡ ಮನುಷ್ಯರ ಕೈಗೆ ಕದಡಿದ ನೀರು ಕೊಡುವುದುಂಟೇ? ದ್ಯಾವಮ್ಮ ಒಳಗೆ ಹೋಗಿ ಮುಚ್ಚಿಟ್ಟ ಬಿಂದಿಗೆಯಿಂದ ತುಂಬಿಕೊಟ್ಟಳು. ಅವರು ಭಕ್ತಿಯಿಂದ ಅರಗಿನ ಮುದ್ರೆ ಒತ್ತಿದರು.

ವರದಿ ಬಂತು. ಇಷ್ಟು ಒಳ್ಳೆಯ ನೀರು ಎಷ್ಟು ಅಗೆದರೂ, ಎಷ್ಟು ಮುಚ್ಚಿದರೂ ಕೆಡದು ಎಂದಿತ್ತು. ಅಪ್ಪಣೆಯೂ ಸಿಕ್ಕಿತು. ಮೂರು ವರ್ಷ ಅಗೆದರು, ಮುಚ್ಚಿದರು, ಮೇಲೆ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರು. ಆ ಸಸಿಗಳು ಒಣಗುವ ಮೊದಲೇ ಹಸುಗಳು ಬಾವಿಯ ನೀರಿಗೆ ಮೂತಿ ಇಡುವುದನ್ನು ಬಿಟ್ಟವು. ದ್ಯಾವಮ್ಮ ದೂರು ಕೊಟ್ಟಳು. ಅದೇ ತಜ್ಞರು ಬಂದು, ವರದಿಯನ್ನು ಊರವರೆದುರು ಓದಿ, ಈ ಬಾವಿ ಕೆಟ್ಟಿರಲು ಸಾಧ್ಯವೇ ಇಲ್ಲವೆಂದರು.

ಆಕೆಗೆ ಆಗ ಹೊಳೆಯಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು: “ಅದು ನಮ್ ಬಾವಿ ನೀರಲ್ಲ ಕಣಪ್ಪ, ಮರಿಸ್ವಾಮಿ ತೋಟದ್ದು. ನೆಂಟ್ರಂಗೆ ಜಗಲಿ ಮ್ಯಾಲೆ ಕುಂತಿದ್ರಲ್ಲ, ನೆಂಟ್ರಿಗೆ ಕೊಡೋ ನೀರೇ ಕೊಟ್ಬುಟ್ಟೆ.”

ಗುಂಪಿನಲ್ಲಿದ್ದ ಮರಿಸ್ವಾಮಿ ನಕ್ಕ. “ಸಾಹೇಬ್ರು ಭವಿಷ್ಯ ಏಳಿರೋದು ನನ್ ಬಾವಿಗೆ ಕಣಕ್ಕಾ. ಅದು ಚೆನ್ನಾಗೇ ಅದೆ ಬುಡು.”

ತಜ್ಞರು ಈ ಸಲ ಬಾವಿಯವರೆಗೆ ನಡೆದರು. ಹಳೆಯ ವರದಿ ತಪ್ಪೆಂದು ಬರೆಯಲು ಕಚೇರಿಯಲ್ಲಿ ನಮೂನೆಯೇ ಇರಲಿಲ್ಲವಂತೆ. ಹಾಗೆಂದು ಸುಮ್ಮನಿರಲಿಲ್ಲ; ತಿಂಗಳೊಳಗೆ ಬಾವಿಯ ಪಕ್ಕ ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ನೆಡಿಸಿದರು. ಕಬ್ಬಿಣದ ಕಂಬ, ಗಟ್ಟಿಯಾಗಿತ್ತು. ದ್ಯಾವಮ್ಮ ಒಂದು ಹಸುವನ್ನು ಮಾರಿ, ಉಳಿದದ್ದನ್ನು ಆ ಕಂಬಕ್ಕೆ ಕಟ್ಟಿದಳು. ಒಂದಕ್ಕಾದರೆ ಮರಿಸ್ವಾಮಿಯ ಬಾವಿಯಿಂದ ನೀರು ಹೊತ್ತು ತರಬಹುದಿತ್ತು.