ತಕ್ಕಡಿಗೇರಿದ ಕ್ಯಾಮೆರಾ

ಸವದತ್ತಿಯ ಸಿದ್ಧಾರೂಢ ಕಡಿದಾದ ಬಂಡೆ ಹತ್ತಿ ಹದ್ದಿನ ಗೂಡುಗಳ ಫೋಟೊ ತೆಗೆಯುವವ; ಆದರೆ ಬಂಡೆಗಿಂತ ಚೀಲದ ಭಾರಕ್ಕೇ ಅವನು ಹೆಚ್ಚು ಹೆದರುತ್ತಾನೆ. ರವಿವಾರ ಬೆಳಗಾದರೆ ನಿಜಗುಣಪ್ಪನ ಕಿರಾಣಿ ಅಂಗಡಿಗೆ ಬಂದು, ಬೆಲ್ಲ ತೂಗುವ ತಕ್ಕಡಿಯಲ್ಲೇ ಕ್ಯಾಮೆರಾ ತೂಗಿಸುತ್ತಾನೆ. "ಸಾವ್ಕಾರ್ರ, ಇನ್ನೂ ಭಾಳ ಆತ್ರಿ" ಎಂದು ದೊಡ್ಡ ಲೆನ್ಸ್ ತೆಗೆಯುತ್ತಾನೆ, "ಗೂಡು ದೂರ ಇದ್ರ?" ಎಂದು ಬೆವರಿ ಮತ್ತೆ ಇಡುತ್ತಾನೆ. ಮೂರುಕಾಲಿನ ಸ್ಟ್ಯಾಂಡ್ ಬಿಟ್ಟು ವರ್ಷಗಳಾದವು. ರೀಲುಗಳನ್ನು ಡಬ್ಬಿಯಿಂದ ಬಿಡಿಸಿ ಕರ್ಚೀಫಿನಲ್ಲಿ ಕಟ್ಟುತ್ತಾನೆ, ಕೊನೆಗೆ ಕಿಸೆಯ ಬಾಚಣಿಕೆಯನ್ನೂ ಅಂಗಡಿಯಲ್ಲೇ ಬಿಡುತ್ತಾನೆ. ಆಮೇಲೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಎರಡೂ ಕೈ ಚಾಚಿ, ಗೆಳೆಯ ಭೀಮಶಿಗೆ "ಜಗ್ಗು" ಎನ್ನುತ್ತಾನೆ. ಜಗ್ಗುವಾಗ ಕ್ಯಾಮೆರಾ ತೊಡಕಾಯಿತೋ, ಮತ್ತೆ ತಕ್ಕಡಿ. ಗಿರಾಕಿಗಳು ನಗುತ್ತಾರೆ, ಕಾರಣ ತಿಳಿಯುವವರೆಗೆ ನಾನೂ ನಕ್ಕವನೇ. ಐದು ವರ್ಷದ ಹಿಂದೆ ಇದೇ ಭೀಮಶಿ ಬಂಡೆಯಿಂದ ಜಾರಿದಾಗ ಸಿದ್ಧಾರೂಢ ಒಂದೇ ಕೈ ಕೊಟ್ಟಿದ್ದ. ಇನ್ನೊಂದರಲ್ಲಿ ಭಾರದ ಕ್ಯಾಮೆರಾ ಇತ್ತು. "ಸಾಕ ಬಿಡೋ ದೋಸ್ತ, ನಾ ಏನ್ ಸತ್ತೇನೇನು?" ಎಂದು ಭೀಮಶಿ ತನ್ನ ಕುಂಟುಗಾಲು ಊರಿ ನಿಂತು ಪ್ರತಿ ರವಿವಾರವೂ ಕೇಳುತ್ತಾನೆ. ಸಿದ್ಧಾರೂಢ ಚಾಚಿದ ಕೈ ಇಳಿಸುವುದಿಲ್ಲ. "ಇನ್ನೊಮ್ಮಿ ಜಗ್ಗು" ಎನ್ನುತ್ತಾನೆ.